ಫಸ್ಟ್ ಇಯರ್ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳೇ ಮೆಂಟರ್: ಇದೇನು ಕೆಲಸ, ಇದಕ್ಕೆ ಸಂಬಳ ಯಾಕೆ, ಆಯ್ಕೆ ಹೇಗೆ?

ಕಾಲೇಜುಗಳ ನೋಟಿಸ್ ಬೋರ್ಡಲ್ಲಿ, ಸ್ಟೂಡೆಂಟ್ ಗ್ರೂಪುಗಳಲ್ಲಿ ಒಂದು ತರದ ಪ್ರಕಟಣೆ ಆಗಾಗ ಕಾಣತ್ತೆ, "ಪಿಯರ್ ಮೆಂಟರ್‌ಗಳು ಬೇಕಾಗಿದ್ದಾರೆ, ಸೆಕೆಂಡ್ ಇಯರ್ ಮತ್ತು ಅದಕ್ಕಿಂತ ಮೇಲಿನವರು ಅಪ್ಲೈ ಮಾಡ್ಬೋದು" ಅಂತ. ಓದಿದೋರಿಗೆ ಸಾಲು ಸಾಲು ಪ್ರಶ್ನೆ ಏಳತ್ತೆ. ಇದು ಟ್ಯೂಷನ್ ಹೇಳೋ ಕೆಲ್ಸಾನಾ, ಕೌನ್ಸೆಲಿಂಗಾ? ಸೀನಿಯರ್ ಆದೋರು ಜೂನಿಯರ್‌ಗೆ ಸಹಾಯ ಮಾಡೋದು ಮೊದಲಿಂದ್ಲೂ ಇದ್ದದ್ದೇ, ಅದಕ್ಕೆ ಇಂಟರ್‌ವ್ಯೂ ಯಾಕೆ, ದುಡ್ಡು ಯಾಕೆ? ಈಗಷ್ಟೇ ಮಕ್ಕಳನ್ನ ಕಾಲೇಜಿಗೆ ಸೇರಿಸಿರೋ ಅಪ್ಪ ಅಮ್ಮಂದಿರಿಗೆ ಇನ್ನೊಂದು ಚಿಂತೆ, ನಮ್ಮ ಮಗೂನ ಇನ್ನೂ ಇಪ್ಪತ್ತು ತುಂಬದ ಇನ್ನೊಂದು ಮಗು ನೋಡ್ಕೊಳ್ಳತ್ತೆ ಅಂದ್ರೆ ನಂಬ್ಬೋದಾ ಅಂತ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಬುಡದಿಂದ ನೋಡ್ಕೊಂಡು ಬರೋಣ.

ಪಿಯರ್ ಮೆಂಟರ್ ಅಂದ್ರೆ ಯಾರು, ಯಾರಲ್ಲ

ಪಿಯರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಓರಗೆಯವರು. ಮೆಂಟರ್ ಅಂದ್ರೆ ಮಾರ್ಗದರ್ಶಿ. ಎರಡೂ ಸೇರಿದ್ರೆ, ಅದೇ ಕಾಲೇಜಲ್ಲಿ ಒಂದೆರಡು ವರ್ಷ ಮುಂದೆ ಇರೋ ವಿದ್ಯಾರ್ಥಿ, ಹೊಸದಾಗಿ ಬಂದಿರೋ ಒಂದಷ್ಟು ಜನರ ಜೊತೆ ವರ್ಷ ಪೂರ್ತಿ ಸಂಪರ್ಕದಲ್ಲಿದ್ದು ಅವರಿಗೆ ಕಾಲೇಜು ಅರ್ಥ ಆಗೋ ಹಾಗೆ ಮಾಡೋ ಕೆಲಸ.

ಇದನ್ನ ಬೇರೆ ಮೂರು ಕೆಲಸಗಳ ಜೊತೆ ಕಲಸಿಕೊಳ್ಳೋದು ಸಾಮಾನ್ಯ. ಟ್ಯೂಟರ್ ಆದೋರು ಒಂದು ಸಬ್ಜೆಕ್ಟ್ ಹೇಳಿಕೊಡ್ತಾರೆ, ಆ ಲೆಕ್ಕ ಅರ್ಥ ಆಯ್ತಾ ಅಲ್ಲಿಗೆ ಅವರ ಕೆಲಸ ಮುಗೀತು. ಅಡ್ವೈಸರ್ ಅಂದ್ರೆ ಯಾವ ಕೋರ್ಸ್ ತಗೋಬೇಕು, ಎಷ್ಟು ಕ್ರೆಡಿಟ್ ಬೇಕು ಅಂತ ಅಧಿಕೃತವಾಗಿ ಹೇಳೋ ಸ್ಟಾಫ್, ಅವರ ಮಾತಿಗೆ ಕಾಲೇಜು ಜವಾಬ್ದಾರಿ. ಕೌನ್ಸೆಲರ್ ಅಂದ್ರೆ ಮನಸ್ಸಿನ ಕಷ್ಟಕ್ಕೆ ಚಿಕಿತ್ಸೆಯ ತರಬೇತಿ ಪಡೆದೋರು. ಪಿಯರ್ ಮೆಂಟರ್ ಈ ಮೂರೂ ಅಲ್ಲ. ಆದ್ರೆ ಈ ಮೂರೂ ಜನ ಎಲ್ಲಿ ಕೂತಿರ್ತಾರೆ, ಯಾವಾಗ ಸಿಗ್ತಾರೆ, ಅವರ ಹತ್ರ ಹೋಗಿ ಮೊದಲ ಮಾತು ಏನಂತ ಆಡ್ಬೇಕು ಅನ್ನೋದು ಅವರಿಗೆ ಗೊತ್ತಿರತ್ತೆ. ಬೇಕಾದ್ರೆ ಜೊತೇಲೇ ಹೋಗಿ ಬಾಗಿಲವರೆಗೂ ಬಿಟ್ಟು ಬರ್ತಾರೆ. ಕೇಳೋಕೆ ತುಂಬ ಸಣ್ಣ ಸಹಾಯ ಅನ್ಸತ್ತೆ, ಆದ್ರೆ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳೋದು ಆ ಬಾಗಿಲಲ್ಲೇ.

ಮೊದಲ ವರ್ಷಾನೇ ಯಾಕೆ

ಸ್ಕೂಲಲ್ಲಿ ಯಾರಾದ್ರೂ ಗಮನಿಸ್ತಾ ಇರ್ತಾರೆ. ಹೋಮ್‌ವರ್ಕ್ ಮಾಡ್ಲಿಲ್ಲ ಅಂದ್ರೆ ಕೇಳ್ತಾರೆ, ಎರಡು ದಿನ ಬರ್ಲಿಲ್ಲ ಅಂದ್ರೆ ಮನೆಗೆ ಫೋನ್ ಬರತ್ತೆ. ಕಾಲೇಜಿಗೆ ಬಂದ ಮೇಲೆ ಆ ಗಮನ ಒಂದೇ ಸಲ ಕಮ್ಮಿ ಆಗ್ಬಿಡತ್ತೆ. ಕ್ಲಾಸಲ್ಲಿ ನೂರಾರು ಜನ, ನೀವು ಬಂದ್ರಾ ಬಿಟ್ರಾ ಅನ್ನೋದು ಅಟೆಂಡೆನ್ಸ್ ಶೀಟಿಗೆ ಮಾತ್ರ ಗೊತ್ತು. ಇದರ ಜೊತೆಗೆ ಎಲ್ಲೂ ಬರೆದಿಡದ, ಆದ್ರೆ ಎಲ್ಲರಿಗೂ ಗೊತ್ತಿರ್ಬೇಕು ಅಂತ ಎಲ್ಲರೂ ಅಂದುಕೊಂಡಿರೋ ಎಷ್ಟೋ ವಿಷಯಗಳಿರತ್ತೆ. ಪ್ರೊಫೆಸರ್‌ಗೆ ಮೇಲ್ ಹೇಗೆ ಬರೀಬೇಕು, ಅವರ ರೂಮಿಗೆ ಡೌಟ್ ಕೇಳೋಕೆ ಹೋಗ್ಬೋದಾ, ಸಿಲಬಸ್ ಕಾಪಿಯಲ್ಲಿ ಏನು ನೋಡ್ಬೇಕು, ಕೋರ್ಸ್ ಬದಲಾಯಿಸೋಕೆ ಕೊನೇ ದಿನ ಯಾವಾಗ, ಅಸೈನ್‌ಮೆಂಟ್ ಲೇಟ್ ಆದ್ರೆ ಕೇಳಿಕೊಂಡ್ರೆ ಟೈಮ್ ಕೊಡ್ತಾರಾ. ಇದಕ್ಕೆ ಹಿಡನ್ ಕರಿಕ್ಯುಲಮ್ ಅಂತಾರೆ, ಅಂದ್ರೆ ಕಣ್ಣಿಗೆ ಕಾಣದ ಪಠ್ಯ. ಅಪ್ಪ ಅಮ್ಮ ಕಾಲೇಜು ಓದಿರೋ ಮನೆಯಲ್ಲಿ ಇದು ಊಟದ ಹೊತ್ತಲ್ಲಿ ಮಾತಾಡ್ತಾ ಮಾತಾಡ್ತಾನೇ ಮಕ್ಕಳಿಗೆ ದಾಟಿಹೋಗತ್ತೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿರೋ ಹುಡುಗಿಗೆ ಯಾರು ಹೇಳ್ಬೇಕು?

1975ರಲ್ಲಿ ಅಮೆರಿಕದ ವಿನ್ಸೆಂಟ್ ಟಿಂಟೊ ಅನ್ನೋ ಶಿಕ್ಷಣ ತಜ್ಞರು ಕಾಲೇಜು ಅರ್ಧಕ್ಕೆ ಬಿಡೋದರ ಬಗ್ಗೆ ಒಂದು ವಿವರಣೆ ಕೊಟ್ರು, ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಅಲ್ಲಿಂದ್ಲೇ ಶುರು ಮಾಡ್ತಾರೆ. ಅವರು ಹೇಳಿದ್ದು ಇಷ್ಟು: ಒಬ್ಬ ವಿದ್ಯಾರ್ಥಿ ಕಾಲೇಜಲ್ಲಿ ಉಳೀತಾನಾ ಇಲ್ವಾ ಅನ್ನೋದು ಅವನು ಎಷ್ಟು ಜಾಣ ಅನ್ನೋದರ ಮೇಲೆ ಮಾತ್ರ ನಿಂತಿಲ್ಲ, ಓದಿನ ವಿಷಯದಲ್ಲೂ ಜನರ ವಿಷಯದಲ್ಲೂ ಅವನು ಆ ಜಾಗಕ್ಕೆ ಎಷ್ಟು ಬೆರೆತುಕೊಂಡ ಅನ್ನೋದರ ಮೇಲೂ ನಿಂತಿದೆ. ಬುದ್ಧಿವಂತರೂ ಬಿಟ್ಟು ಹೋಗ್ತಾರೆ, ಯಾಕಂದ್ರೆ ಇದು ನನ್ನ ಜಾಗ ಅಲ್ಲ ಅನ್ಸಿಬಿಟ್ಟಿರತ್ತೆ.

ಈ "ನನ್ನ ಜಾಗ ಅಲ್ಲ" ಅನ್ನೋ ಭಾವನೆ ಬಗ್ಗೆ 2011ರಲ್ಲಿ ಗ್ರೆಗೊರಿ ವಾಲ್ಟನ್ ಮತ್ತೆ ಜೆಫ್ರಿ ಕೋಹೆನ್ ಅನ್ನೋ ಮನಃಶಾಸ್ತ್ರಜ್ಞರು ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಫಸ್ಟ್ ಇಯರ್ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆಯ ಒಂದು ಸೆಷನ್, ಅದರಲ್ಲಿ ಸೀನಿಯರ್‌ಗಳ ಅನುಭವ ಓದಿಸಿದ್ರು, ಮೊದಮೊದಲು ನಮಗೂ ಇಲ್ಲಿ ಹೊಂದಲ್ಲ ಅನ್ಸಿತ್ತು, ಬರ್ತಾ ಬರ್ತಾ ಸರಿಹೋಯ್ತು ಅನ್ನೋ ಅರ್ಥದ್ದು. ಮುಂದಿನ ಮೂರು ವರ್ಷದಲ್ಲಿ ಆ ಗುಂಪಿನ ಕಪ್ಪು ಅಮೆರಿಕನ್ ವಿದ್ಯಾರ್ಥಿಗಳ ಗ್ರೇಡ್ ಏರಿತು, ಬಿಳಿ ವಿದ್ಯಾರ್ಥಿಗಳ ಜೊತೆಗಿದ್ದ ಅಂತರ ಅರ್ಧಕ್ಕೆ ಇಳೀತು. ಅಲ್ಲಿ ಯಾರೂ ಪಾಠ ಹೇಳಿಕೊಡ್ಲಿಲ್ಲ ಅನ್ನೋದು ನೆನಪಿರ್ಲಿ. ಕಷ್ಟ ಆಗ್ತಿರೋದು ನನ್ನೊಬ್ಬನಿಗಲ್ಲ, ಇದು ಶಾಶ್ವತವೂ ಅಲ್ಲ ಅಂತ ಗೊತ್ತಾಯ್ತು ಅಷ್ಟೇ. ಸೀನಿಯರ್ ಬಾಯಲ್ಲಿ ಬಂದ್ರೆ ಈ ಮಾತಿಗೆ ತೂಕ ಜಾಸ್ತಿ.

ಲೆಕ್ಚರರ್ ಇದ್ದಾರಲ್ಲ, ಸೀನಿಯರ್ ಯಾಕೆ ಬೇಕು

ಹೊಳೆ ದಾಟೋಕೆ ಹೊರಟೋನಿಗೆ ಇಪ್ಪತ್ತು ವರ್ಷದ ಹಿಂದೆ ದಾಟಿದೋರು ದಿಕ್ಕು ಹೇಳ್ತಾರೆ, ಹೋದ ವಾರ ದಾಟಿದೋರು ಯಾವ ಕಲ್ಲು ಜಾರತ್ತೆ ಅಂತ ಹೇಳ್ತಾರೆ. ಎರಡೂ ಬೇಕು. ಆದ್ರೆ ಕಾಲಿಡೋ ಕ್ಷಣದಲ್ಲಿ ಎರಡನೆಯದು ಹೆಚ್ಚು ಉಪಯೋಗ. ಒಂದು ವಿಷಯವನ್ನ ತುಂಬ ವರ್ಷದಿಂದ ಬಲ್ಲೋರಿಗೆ, ಅದು ಗೊತ್ತಿಲ್ಲದೇ ಇದ್ದಾಗ ಹೇಗಿತ್ತು ಅನ್ನೋದೇ ಮರೆತುಹೋಗಿರತ್ತೆ. ಸೆಕೆಂಡ್ ಇಯರ್ ಹುಡುಗಿಗೆ ಅದು ಇನ್ನೂ ಹಸಿಯಾಗಿ ನೆನಪಿರತ್ತೆ. ಇನ್ನೊಂದು ಕಾರಣ ಭಯ. ಮಾರ್ಕ್ಸ್ ಹಾಕೋರ ಮುಂದೆ "ನಂಗೆ ಏನೂ ಅರ್ಥ ಆಗ್ತಿಲ್ಲ" ಅಂತ ಹೇಳೋಕೆ ನಾಲಿಗೆ ಹೊರಳಲ್ಲ, ಮಾರ್ಕ್ಸ್ ಹಾಕೋ ಅಧಿಕಾರಾನೇ ಇಲ್ಲದೋರ ಮುಂದೆ ಹೇಳ್ಬೋದು.

ಇದೇನು ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಅಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಒಂದು ಅನಾಥಾಲಯದ ಶಾಲೆ ನೋಡ್ಕೊಳ್ತಿದ್ದ ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟಿಷ್ ಪಾದ್ರಿ, ಮುಂದಿರೋ ಹುಡುಗರಿಂದ್ಲೇ ಹಿಂದಿರೋ ಹುಡುಗರಿಗೆ ಪಾಠ ಹೇಳಿಸಿ 1797ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದ್ರು, ಅದು ಮದ್ರಾಸ್ ಸಿಸ್ಟಮ್ ಅನ್ನೋ ಹೆಸರಲ್ಲಿ ಬ್ರಿಟನ್ನಿಗೆ ಹೋಯ್ತು. ಕಾಲೇಜು ಮಟ್ಟಕ್ಕೆ ಬಂದ್ರೆ 1973ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ಮಿಸ್ಸೌರಿ ಯೂನಿವರ್ಸಿಟಿಯಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅನ್ನೋ ಕಾರ್ಯಕ್ರಮ ದೊಡ್ಡ ಹೆಜ್ಜೆ. ಅದರಲ್ಲಿರೋ ಒಂದು ಜಾಣತನ ನಂಗೆ ಬಹಳ ಇಷ್ಟ. ಅವರು ದಡ್ಡ ವಿದ್ಯಾರ್ಥಿ ಯಾರು ಅಂತ ಹುಡುಕೋಕೆ ಹೋಗ್ಲಿಲ್ಲ, ಯಾವ ಕೋರ್ಸಲ್ಲಿ ಜಾಸ್ತಿ ಜನ ಫೇಲ್ ಆಗ್ತಾರೆ ಅಂತ ಹುಡುಕಿದ್ರು. ಆ ಕೋರ್ಸನ್ನ ಮೊದಲೇ ಚೆನ್ನಾಗಿ ಪಾಸ್ ಮಾಡಿರೋ ಸೀನಿಯರ್ ಮತ್ತೆ ಅದೇ ಕ್ಲಾಸಲ್ಲಿ ಬಂದು ಕೂರ್ತಾರೆ, ಆಮೇಲೆ ಆಸಕ್ತಿ ಇರೋರಿಗೆಲ್ಲ ಗುಂಪು ಅಧ್ಯಯನ ನಡೆಸ್ತಾರೆ. ಕಷ್ಟ ಇರೋದು ಕೋರ್ಸಲ್ಲಿ ಅಂತಾದಾಗ ಸಹಾಯ ಕೇಳೋಕೆ ಯಾರಿಗೂ ನಾಚಿಕೆ ಆಗಲ್ಲ. ಪಿಯರ್ ಮೆಂಟರಿಂಗ್ ಮಾಡೋ ಕಾಲೇಜುಗಳು ಇದರಿಂದ ಕಲಿಯೋದು ಅದನ್ನೇ, "ವೀಕ್ ಸ್ಟೂಡೆಂಟ್ಸ್‌ಗೆ ಮಾತ್ರ" ಅಂತ ಬೋರ್ಡ್ ಹಾಕಿದ್ರೆ ಯಾರೂ ಬರಲ್ಲ, ಎಲ್ಲಾ ಫಸ್ಟ್ ಇಯರ್‌ನವರಿಗೂ ಒಬ್ಬೊಬ್ಬ ಮೆಂಟರ್ ಅಂದ್ರೆ ಬರ್ತಾರೆ.

ಉಪಯೋಗ ಆಗತ್ತೆ ಅನ್ನೋದಕ್ಕೆ ಸಾಕ್ಷಿ ಏನಿದೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಇಡೀ ವಿಷಯದ ಗುಟ್ಟು ಇಲ್ಲೇ ಇದೆ.

ಕೆನಡಾದಲ್ಲಿ ಎರಡು ಪ್ರಯೋಗ ನಡೆದಿವೆ. ಎರಡರಲ್ಲೂ ಯಾರಿಗೆ ಸಹಾಯ ಸಿಗ್ಬೇಕು ಅನ್ನೋದನ್ನ ಲಾಟರಿ ತರ ಆರಿಸಿದ್ರು, ಹಾಗಾಗಿ ಫಲಿತಾಂಶ ಗಟ್ಟಿ. ಮೊದಲನೆಯದು ಜೋಶುವಾ ಆಂಗ್ರಿಸ್ಟ್, ಡೇನಿಯಲ್ ಲ್ಯಾಂಗ್ ಮತ್ತೆ ಫಿಲಿಪ್ ಓರಿಯೋಪೌಲೋಸ್ ಅವರದ್ದು, 2009ರಲ್ಲಿ ಪ್ರಕಟ ಆಯ್ತು. ಫಸ್ಟ್ ಇಯರ್‌ನವರಲ್ಲಿ ಒಂದು ಗುಂಪಿಗೆ ಸೀನಿಯರ್‌ಗಳ ಸಲಹೆ ಮತ್ತು ಗುಂಪು ಅಧ್ಯಯನ, ಇನ್ನೊಂದಕ್ಕೆ ಒಳ್ಳೆ ಗ್ರೇಡ್ ಬಂದ್ರೆ ಸ್ಕಾಲರ್‌ಶಿಪ್, ಮತ್ತೊಂದಕ್ಕೆ ಎರಡೂ. ಸಲಹೆ ಮಾತ್ರ ಕೊಟ್ಟ ಗುಂಪಲ್ಲಿ ಹೇಳಿಕೊಳ್ಳೋ ಅಂತ ಬದಲಾವಣೆ ಕಾಣ್ಲಿಲ್ಲ. ಎರಡೂ ಸಿಕ್ಕ ಗುಂಪಲ್ಲಿ ಹುಡುಗಿಯರ ಗ್ರೇಡ್ ಏರಿತು, ಹುಡುಗರದ್ದು ಏರ್ಲಿಲ್ಲ. ಸಲಹೆ ಸೇವೆ ಇದೆ ಅಂತ ಗೊತ್ತಿದ್ರೂ ಅದನ್ನ ಬಳಸಿಕೊಂಡೋರೇ ಕಮ್ಮಿ ಜನ.

ಎರಡನೆಯದು ಅದೇ ಓರಿಯೋಪೌಲೋಸ್ ಅವರು ಉರೋಸ್ ಪೆಟ್ರೋನಿಜೆವಿಕ್ ಜೊತೆ ಟೊರಾಂಟೊ ಯೂನಿವರ್ಸಿಟಿಯಲ್ಲಿ ಮಾಡಿದ್ದು, 2018ರಲ್ಲಿ ಬಂತು. ಈ ಸಲ ಒಂದು ಗುಂಪಿಗೆ ಒಂದು ಆನ್‌ಲೈನ್ ಅಭ್ಯಾಸ, ಇನ್ನೊಂದು ಗುಂಪಿಗೆ ಮೊಬೈಲ್‌ಗೆ ಸಲಹೆಯ ಮೆಸೇಜು, ಮತ್ತೊಂದು ಚಿಕ್ಕ ಗುಂಪಿಗೆ ಒಬ್ಬೊಬ್ಬ ಸೀನಿಯರ್ ವಿದ್ಯಾರ್ಥಿಯೇ ಕೋಚ್. ಈ ಕೋಚ್‌ಗಳು ತಾವಾಗೇ ಸಂಪರ್ಕ ಮಾಡ್ತಿದ್ರು, ನಿಯಮಿತವಾಗಿ ಭೇಟಿ ಆಗ್ತಿದ್ರು. ಆನ್‌ಲೈನ್ ಅಭ್ಯಾಸದಿಂದಾಗ್ಲಿ ಮೆಸೇಜಿಂದಾಗ್ಲಿ ಗ್ರೇಡ್ ಏರ್ಲಿಲ್ಲ. ಕೋಚ್ ಇದ್ದ ಗುಂಪಿನ ಗ್ರೇಡ್ ಮಾತ್ರ ಎದ್ದು ಕಾಣೋ ಅಷ್ಟು ಏರಿತು.

ಎರಡೂ ಕಡೆ ಸಹಾಯಕ್ಕೆ ಇದ್ದಿದ್ದು ಸೀನಿಯರ್‌ಗಳೇ, ಆದ್ರೆ ಒಂದು ಕಡೆ ಅವರ ಸಲಹೆಯೊಂದರಿಂದ್ಲೇ ಏನೂ ಆಗ್ಲಿಲ್ಲ, ಇನ್ನೊಂದು ಕಡೆ ಆಯ್ತು. ಎರಡು ಪ್ರಯೋಗಗಳ ನಡುವೆ ವ್ಯತ್ಯಾಸ ಬೇಕಾದಷ್ಟಿವೆ, ಆದ್ರೂ ನಂಗೆ ಮುಖ್ಯ ಅನ್ಸೋದು ಇದು: ಒಂದರಲ್ಲಿ ಸಹಾಯ ತಗೊಳ್ಳೋದು ಬಿಡೋದು ಹೆಚ್ಚಾಗಿ ವಿದ್ಯಾರ್ಥಿಗೇ ಬಿಟ್ಟಿದ್ರು, ಇನ್ನೊಂದರಲ್ಲಿ ಎದ್ದು ಹೋಗಿ ಮಾತಾಡಿಸಿದ್ರು. ಸಹಾಯ ಯಾರಿಗೆ ಜಾಸ್ತಿ ಬೇಕೋ ಅವರೇ ಕೇಳೋಕೆ ಹಿಂದೇಟು ಹಾಕ್ತಾರೆ, ಹಾಗಾಗಿ ಕೇಳ್ಲಿ ಅಂತ ಕಾಯ್ತಾ ಕೂತ್ರೆ ಸಹಾಯ ಸಿಗೋದು ಹೇಗಿದ್ರೂ ದಾಟೋ ಜನಕ್ಕೆ.

ಹಾಗಾದ್ರೆ ದುಡ್ಡು ಕೊಟ್ಟು ಯಾಕೆ ಇಟ್ಕೋಬೇಕು

ಮೇಲಿನ ಮಾತಿಗೆ ಇದು ನೇರವಾಗಿ ಸೇರ್ಕೊಳ್ಳತ್ತೆ. ಪ್ರತಿ ವಾರ, ತಪ್ಪದೇ, ತಾನಾಗೇ ಹೋಗಿ ಮಾತಾಡಿಸ್ಬೇಕು ಅಂದ್ರೆ ಅದು ಒಳ್ಳೆ ಮನಸ್ಸಿಂದ ಮಾತ್ರ ಆಗೋ ಕೆಲಸ ಅಲ್ಲ. ಸ್ವಯಂಸೇವಕರು ಮೊದಲ ತಿಂಗಳು ಉತ್ಸಾಹದಲ್ಲಿ ಓಡಾಡ್ತಾರೆ, ಇಂಟರ್ನಲ್ಸ್ ಬಂದ ಕೂಡ್ಲೆ ಅವರಿಗೂ ಓದಿರತ್ತೆ, ಜೂನಿಯರ್‌ಗಳಿಗೆ ಸಹಾಯ ಬೇಕಾಗೋದೂ ಸರಿಯಾಗಿ ಅದೇ ಹೊತ್ತಿಗೆ. ಸಂಬಳ ಕೊಟ್ರೆ ಕಾಲೇಜಿಗೆ ಕೇಳೋ ಹಕ್ಕಿರತ್ತೆ, ಈ ವಾರ ಎಷ್ಟು ಜನರನ್ನ ಭೇಟಿ ಆದಿರಿ, ಯಾರು ಫೋನ್ ಎತ್ತಿಲ್ಲ ಅಂತ.

ಇನ್ನೊಂದು ಕಾರಣ ಅಷ್ಟೇ ದೊಡ್ಡದು, ಆದ್ರೆ ಅದರ ಬಗ್ಗೆ ಮಾತು ಕಮ್ಮಿ. ಪುಕ್ಕಟೆ ಕೆಲಸ ಮಾಡೋಕೆ ಯಾರಿಂದ ಸಾಧ್ಯ? ಖರ್ಚಿಗೆ ಮನೆಯಿಂದ ದುಡ್ಡು ಬರೋರಿಂದ. ಸಂಜೆ ಪಾರ್ಟ್ ಟೈಮ್ ದುಡಿದು ಫೀಸ್ ಕಟ್ಟೋ ವಿದ್ಯಾರ್ಥಿ ಎಷ್ಟೇ ಒಳ್ಳೆ ಮೆಂಟರ್ ಆಗ್ಬೋದಾಗಿದ್ರೂ ಅಪ್ಲೈ ಮಾಡಲ್ಲ. ಹಾಗಾದಾಗ ಮೆಂಟರ್‌ಗಳೆಲ್ಲ ಒಂದೇ ತರದ ಅನುಕೂಲಸ್ಥ ಮನೆಗಳಿಂದ ಬಂದೋರಾಗ್ತಾರೆ, ಕಷ್ಟ ಪಟ್ಟು ಬಂದಿರೋ ಜೂನಿಯರ್‌ಗೆ ತನ್ನಂತೋರು ಯಾರೂ ಕಾಣಲ್ಲ. ದುಡ್ಡು ಅಂದ್ರೆ ಗಂಟೆ ಲೆಕ್ಕದ ಕೂಲಿಯೇ ಆಗ್ಬೇಕು ಅಂತಿಲ್ಲ. ತಿಂಗಳ ಗೌರವಧನ, ಫೀಸಲ್ಲಿ ರಿಯಾಯ್ತಿ, ಹಾಸ್ಟೆಲ್ ಬಾಡಿಗೆ ಕಡಿತ, ಕೋರ್ಸ್ ಕ್ರೆಡಿಟ್, ಹೀಗೆ ಬೇರೆ ಬೇರೆ ದಾರಿಗಳಿವೆ. ಸರ್ಟಿಫಿಕೇಟ್ ಒಂದೇ ಕೊಡ್ತೀವಿ ಅಂದ್ರೆ ಮಾತ್ರ ಮೇಲೆ ಹೇಳಿದ ತೊಂದ್ರೆ ಹಾಗೇ ಉಳ್ಕೊಳ್ಳತ್ತೆ.

ಯಾರನ್ನ ಆರಿಸ್ತಾರೆ

ರ‍್ಯಾಂಕ್ ಬಂದೋರನ್ನ ತಗೊಂಡ್ರೆ ಆಯ್ತು ಅನ್ನೋದು ಮೊದಲು ಹೊಳೆಯೋ ಉತ್ತರ, ಅದು ಅಷ್ಟು ಸರಿಯಲ್ಲ. ತನ್ನ ಓದು ಸುಧಾರಿಸಿಕೊಳ್ಳೋ ಅಷ್ಟು ಮಾರ್ಕ್ಸ್ ಬೇಕೇ ಬೇಕು, ಇಲ್ದಿದ್ರೆ ಈ ಕೆಲಸ ಅವರನ್ನೇ ಮುಳುಗಿಸತ್ತೆ. ಹಾಗಾಗಿ ಕನಿಷ್ಠ ಇಷ್ಟು ಗ್ರೇಡ್ ಅಂತ ಒಂದು ಮಿತಿ ಇಟ್ಟಿರ್ತಾರೆ. ಆದ್ರೆ ಅದರ ಮೇಲೆ ನೋಡ್ಬೇಕಾದ್ದು ಬೇರೆ. ಮೊದಲ ಸೆಮಿಸ್ಟರಲ್ಲಿ ಒಂದು ಪೇಪರ್ ಹೋಗಿ, ಆಮೇಲೆ ಸಹಾಯ ಕೇಳಿ, ಓದೋ ಕ್ರಮ ಬದಲಾಯಿಸಿ ದಾರಿಗೆ ಬಂದಿರೋ ಒಬ್ಬ ವಿದ್ಯಾರ್ಥಿ ಹತ್ರ ಹೇಳೋಕೆ ಏನೋ ಇರತ್ತೆ. ಯಾವತ್ತೂ ಎಡವದೇ ಇರೋರಿಗೆ ಎಡವಿದೋರ ಜೊತೆ ಏನು ಮಾತಾಡ್ಬೇಕು ಅಂತ ಎಷ್ಟೋ ಸಲ ತೋಚಲ್ಲ.

ಇಂಟರ್‌ವ್ಯೂನಲ್ಲಿ "ನಿಮ್ಮ ಸ್ಟ್ರೆಂತ್ ಏನು" ಅಂತ ಕೇಳಿದ್ರೆ ಎಲ್ಲರೂ ಬಾಯಿಪಾಠ ಒಪ್ಪಿಸ್ತಾರೆ. ಅದಕ್ಕೆ ಸನ್ನಿವೇಶ ಕೊಟ್ಟು ನೋಡೋದು ಒಳ್ಳೆ ಕ್ರಮ. ಉದಾಹರಣೆಗೆ, ನಿಮ್ಮ ಜೂನಿಯರ್ ಒಬ್ಬಳು ಮೂರು ವಾರದಿಂದ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಏನು ಮಾಡ್ತೀರಿ? ಅಸೈನ್‌ಮೆಂಟ್ ನೀನೇ ಬರೆದುಕೊಡು ಅಂತ ಒಬ್ಬ ಗೋಗರೀತಿದ್ದಾನೆ, ಏನು ಹೇಳ್ತೀರಿ? ಯಾರಿಗೂ ಹೇಳ್ಬೇಡ ಅಂತ ಭಾಷೆ ತಗೊಂಡು ಒಬ್ಬ, ಬದುಕೋದೇ ಬೇಡ ಅನ್ಸತ್ತೆ ಅಂದ, ಆಗ? ಇಲ್ಲಿ ಸರಿ ಉತ್ತರಕ್ಕಿಂತ ಯೋಚನೆ ಎತ್ತ ಹೋಗತ್ತೆ ಅಂತ ನೋಡ್ತಾರೆ. ಉಪದೇಶ ಶುರು ಮಾಡ್ತಾರಾ, ಇನ್ನೂ ಎರಡು ಪ್ರಶ್ನೆ ಕೇಳ್ತಾರಾ, ನನ್ನ ಕೈಲಾಗದ್ದು ಇದು ಅಂತ ಗುರುತಿಸ್ತಾರಾ. ಕೆಲವು ಕಡೆ ಹತ್ತು ಜನರನ್ನ ಒಟ್ಟಿಗೆ ಕೂರಿಸಿ ಒಂದು ಚರ್ಚೆ ಕೊಟ್ಟು, ಯಾರು ಜಾಸ್ತಿ ಮಾತಾಡ್ತಾರೆ ಅನ್ನೋದರ ಬದಲು ಸುಮ್ಮನೆ ಕೂತಿರೋರನ್ನ ಯಾರು ಮಾತಿಗೆ ಎಳೀತಾರೆ ಅಂತ ಗಮನಿಸ್ತಾರೆ. ಇದು ತುಂಬ ಒಳ್ಳೆ ಪರೀಕ್ಷೆ ಅಂತ ನನ್ನ ಅನಿಸಿಕೆ.

ಆಯ್ಕೆ ಆಗಿರೋರ ಪಟ್ಟಿಯನ್ನ ಒಟ್ಟಾಗಿಯೂ ಒಂದ್ಸಲ ನೋಡ್ಬೇಕು. ಬೇರೆ ಬೇರೆ ವಿಭಾಗ, ಭಾಷೆ, ಹಿನ್ನೆಲೆ, ಹಾಸ್ಟೆಲ್‌ನೋರು, ದೂರದಿಂದ ದಿನಾ ಓಡಾಡೋರು, ಅಂಗವೈಕಲ್ಯ ಇರೋರು, ಎಲ್ಲರೂ ಇದ್ದಾರಾ ಅಂತ. ಈ ಇಡೀ ಪ್ರಕ್ರಿಯೆ ಹೊಸ ವರ್ಷ ಶುರು ಆಗೋಕೆ ಒಂದು ಸೆಮಿಸ್ಟರ್ ಮುಂಚೆನೇ ಮುಗೀಬೇಕು, ಯಾಕಂದ್ರೆ ಹೊಸಬರು ಬಂದ ಮೊದಲ ಕೆಲವು ವಾರಗಳೇ ನಾಜೂಕು. ಆ ವಾರಗಳು ಕಳೆದ ಮೇಲೆ ಮೆಂಟರ್ ಬಂದ್ರೆ ಅಷ್ಟರಲ್ಲಿ ಕೆಲವರು ಮನಸ್ಸಲ್ಲೇ ಕಾಲೇಜು ಬಿಟ್ಟಿರ್ತಾರೆ.

ಟ್ರೇನಿಂಗ್, ಮತ್ತೆ ದಾಟಬಾರದ ಗೆರೆಗಳು

ಅಪ್ಪ ಅಮ್ಮಂದಿರ ಚಿಂತೆಗೆ ಉತ್ತರ ಇರೋದು ಇಲ್ಲಿ. ತರಬೇತಿಯಲ್ಲಿ ಮೊದಲು ಕಲಿಸೋದು ಕೇಳಿಸಿಕೊಳ್ಳೋದನ್ನ. ಒಬ್ಬರು ಕಷ್ಟ ಹೇಳಿಕೊಂಡ್ರೆ ನಮ್ಮೆಲ್ಲರಿಗೂ ತಕ್ಷಣ ಪರಿಹಾರ ಹೇಳ್ಬಿಡೋ ಚಟ, ಅದನ್ನ ತಡೆದು "ಆಮೇಲೆ ಏನಾಯ್ತು", "ನಿಂಗೆ ಏನು ಮಾಡ್ಬೇಕು ಅನ್ಸತ್ತೆ" ಅಂತ ಕೇಳೋಕೆ ಅಭ್ಯಾಸ ಬೇಕು. ಆಮೇಲೆ ಕಾಲೇಜಿನ ಒಳಗಿನ ದಾರಿಗಳು, ಯಾವ ಸಮಸ್ಯೆಗೆ ಯಾವ ಆಫೀಸು, ಯಾರ ಹೆಸರು, ಯಾವ ನಂಬರ್.

ಅದಕ್ಕಿಂತ ಮುಖ್ಯ ಗೆರೆಗಳು. ಮೆಂಟರ್ ಆದೋರು ಅಸೈನ್‌ಮೆಂಟ್ ಬರೆದುಕೊಡೋ ಹಾಗಿಲ್ಲ. ಸಾಲ ಕೊಡೋದು ತಗೊಳ್ಳೋದು ಇಲ್ಲ. ತಮ್ಮ ಗುಂಪಿನ ಜೂನಿಯರ್ ಜೊತೆ ಪ್ರೇಮ ಸಂಬಂಧ ಇಲ್ಲ, ಯಾಕಂದ್ರೆ ವಯಸ್ಸು ಹತ್ರ ಇದ್ರೂ ಅಲ್ಲಿ ಅಧಿಕಾರ ಸಮ ಇರಲ್ಲ. ರಾತ್ರಿ ಎರಡು ಗಂಟೆಗೂ ಫೋನ್ ಎತ್ತಲೇಬೇಕು ಅನ್ನೋ ಒತ್ತಡ ಇಲ್ಲ. ಮನಸ್ಸಿನ ಕಾಯಿಲೆಗೆ ತಾವೇ ಔಷಧಿ ಹೇಳೋದು ಇಲ್ಲವೇ ಇಲ್ಲ.

ಗುಟ್ಟು ಕಾಪಾಡೋ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಜೂನಿಯರ್ ಹೇಳಿದ್ದನ್ನ ಗೆಳೆಯರ ಮಧ್ಯೆ ಹರಟೆಗೆ ಎಳೀಬಾರದು, ಅವರ ಮಾರ್ಕ್ಸು ವಿವರ ಎಲ್ಲೂ ಹಂಚಬಾರದು. ಆದ್ರೆ ಜೀವಕ್ಕೆ ಅಪಾಯ, ಬೇರೆಯವರಿಗೆ ಹಾನಿ, ಕಿರುಕುಳ ಅಥವಾ ರ‍್ಯಾಗಿಂಗ್ ಅಂತ ಬಂದಾಗ ಗುಟ್ಟು ಇಟ್ಕೊಳ್ಳೋ ಹಾಗಿಲ್ಲ, ಜವಾಬ್ದಾರಿ ಇರೋ ಸ್ಟಾಫ್‌ಗೆ ಅವತ್ತೇ ತಿಳಿಸ್ಬೇಕು. ಈ ಮಾತನ್ನ ಮೊದಲ ಭೇಟಿಯಲ್ಲೇ ಜೂನಿಯರ್‌ಗೆ ಹೇಳಿಬಿಡ್ಬೇಕು, "ನೀನು ಹೇಳೋದು ನನ್ನಲ್ಲೇ ಇರತ್ತೆ, ಆದ್ರೆ ನಿನ್ನ ಜೀವಕ್ಕೋ ಇನ್ನೊಬ್ಬರಿಗೋ ಅಪಾಯ ಅನ್ಸಿದ್ರೆ ನಾನು ಒಬ್ಬಳೇ ಇಟ್ಕೊಳ್ಳಲ್ಲ" ಅಂತ. ಮೊದಲೇ ಹೇಳಿದ್ರೆ ಆಮೇಲೆ ಅದು ನಂಬಿಕೆದ್ರೋಹ ಆಗಲ್ಲ. ಇಂಥ ಹೊತ್ತಲ್ಲಿ, ಅದರಲ್ಲೂ ಒಬ್ಬರಿಗೆ ಆತ್ಮಹತ್ಯೆಯ ಯೋಚನೆ ಬಂದಿದೆ ಅನ್ಸಿದಾಗ, ಅದರ ಬಗ್ಗೆ ನೇರವಾಗಿ ಕೇಳೋದು, ಸಹಾಯ ಪಡೆಯೋಕೆ ಒಪ್ಪಿಸೋದು, ಸರಿಯಾದೋರ ಹತ್ರ ತಲುಪಿಸೋದು, ಈ ಮೂರು ಹೆಜ್ಜೆ ಕಲಿಸೋ ಕ್ಯೂಪಿಆರ್ ಅನ್ನೋ ಚಿಕ್ಕ ತರಬೇತಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಚಿಕಿತ್ಸೆ ಮಾಡೋದನ್ನ ಅದು ಕಲಿಸಲ್ಲ, ಚಿಕಿತ್ಸೆ ಮಾಡೋರ ತನಕ ಕೈ ಹಿಡಿದು ಕರ್ಕೊಂಡು ಹೋಗೋದನ್ನ ಕಲಿಸತ್ತೆ.

ಒಬ್ಬರಿಗೆ ಎಷ್ಟು ಜನ

ಲೆಕ್ಕ ಹಾಕಿ ನೋಡಿ. ಒಬ್ಬ ಮೆಂಟರ್‌ಗೆ 20 ಜೂನಿಯರ್, ವಾರಕ್ಕೆ ಒಬ್ಬೊಬ್ಬರಿಗೆ 20 ನಿಮಿಷ ಅಂದ್ರೆ 400 ನಿಮಿಷ, ಹತ್ತಿರ ಹತ್ತಿರ 7 ಗಂಟೆ. ಸಮಯ ಹೊಂದಿಸೋದು, ಬರದೇ ಇರೋರನ್ನ ಹುಡುಕೋದು, ನಡೆದದ್ದನ್ನ ಚಿಕ್ಕದಾಗಿ ಬರೆದಿಡೋದು, ವಾರದ ಮೀಟಿಂಗು ಸೇರಿದ್ರೆ 10 ಗಂಟೆ ದಾಟತ್ತೆ. ಓದೋ ಹುಡುಗರಿಗೆ ಅದು ಜಾಸ್ತೀನೇ. 50 ಜನರನ್ನ ಒಬ್ಬರ ತಲೆಗೆ ಕಟ್ಟಿದ್ರೆ ಉಳಿಯೋದು ವಾಟ್ಸಾಪ್ ಗ್ರೂಪು ಮತ್ತು ಫಾರ್ವರ್ಡ್ ಮೆಸೇಜು ಮಾತ್ರ. ಬರೀ ಮೆಸೇಜಿಂದ ಗ್ರೇಡ್ ಏರ್ಲಿಲ್ಲ ಅನ್ನೋದನ್ನ ಟೊರಾಂಟೊ ಪ್ರಯೋಗದಲ್ಲಿ ಆಗ್ಲೇ ನೋಡಿದ್ವಿ.

ಮೆಂಟರ್‌ಗಳನ್ನ ನೋಡ್ಕೊಳ್ಳೋಕೂ ಒಬ್ಬ ಸ್ಟಾಫ್ ಇರ್ಬೇಕು, ವಾರ ವಾರ ಕೂತು ಮಾತಾಡೋರು. ಬೇರೆಯವರ ನೋವು ಕೇಳಿ ಕೇಳಿ ಮೆಂಟರ್‌ಗೂ ಭಾರ ಆಗತ್ತೆ, ಅದನ್ನ ಇಳಿಸಿಕೊಳ್ಳೋಕೆ ಜಾಗ ಬೇಕು. ಇದನ್ನ ಬಿಟ್ಟು ನಡೆಸಿದ ಕಾರ್ಯಕ್ರಮದಲ್ಲಿ ಅರ್ಧ ವರ್ಷಕ್ಕೇ ಒಳ್ಳೊಳ್ಳೆ ಮೆಂಟರ್‌ಗಳು ಸೋತುಹೋಗ್ತಾರೆ.

ಸಕ್ಸಸ್ ಆಯ್ತು ಅಂತ ಹೇಳೋದು ಹೇಗೆ

"ಮೆಂಟರ್ ಹತ್ರ ಬಂದೋರಲ್ಲಿ ಪಾಸಾದೋರು ಜಾಸ್ತಿ" ಅಂತ ಕಾಲೇಜು ಹೇಳಿದ್ರೆ ಒಂದು ಪ್ರಶ್ನೆ ಕೇಳಿ, ಬಂದೋರು ಯಾರು? ತಾವಾಗೇ ಬರೋರು ಸಾಮಾನ್ಯವಾಗಿ ಮೊದಲೇ ಆಸಕ್ತಿ ಇರೋರು, ಅವರು ಮೆಂಟರ್ ಇಲ್ದಿದ್ರೂ ಪಾಸಾಗ್ತಿದ್ರೋ ಏನೋ. ಅದಕ್ಕೇ ಮೇಲಿನ ಎರಡು ಪ್ರಯೋಗದಲ್ಲಿ ಲಾಟರಿ ತರ ಆರಿಸಿದ್ದು. ಪ್ರತಿ ಕಾಲೇಜೂ ಹಾಗೆ ಮಾಡೋಕಾಗಲ್ಲ ನಿಜ, ಆದ್ರೆ ಹಿಂದಿನ ವರ್ಷದ ಇಡೀ ಬ್ಯಾಚು ಮತ್ತು ಈ ವರ್ಷದ ಇಡೀ ಬ್ಯಾಚನ್ನ ಹೋಲಿಸ್ಬೋದು, ಎರಡನೇ ವರ್ಷಕ್ಕೆ ಎಷ್ಟು ಜನ ವಾಪಸ್ ಬಂದ್ರು, ಎಷ್ಟು ಪೇಪರ್ ಬಾಕಿ ಉಳೀತು ಅಂತ.

ಅಪ್ಲೈ ಮಾಡೋ ಮುಂಚೆ

ನೀವು ಮೆಂಟರ್ ಆಗೋಕೆ ಹೊರಟಿದ್ರೆ ಕಾಲೇಜಿಗೆ ಇಷ್ಟು ಕೇಳಿ ತಿಳ್ಕೊಳ್ಳಿ. ವಾರಕ್ಕೆ ಎಷ್ಟು ಗಂಟೆ, ಎಷ್ಟು ಜೂನಿಯರ್, ದುಡ್ಡು ಎಷ್ಟು ಮತ್ತು ಯಾವಾಗ ಕೈಗೆ ಬರತ್ತೆ, ತರಬೇತಿ ಎಷ್ಟು ದಿನ, ತರಬೇತಿ ದಿನಗಳಿಗೂ ಕೊಡ್ತಾರಾ, ರಾತ್ರಿ ಏನಾದ್ರೂ ತುರ್ತು ಬಂದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು. ಕೊನೇ ಪ್ರಶ್ನೆಗೆ ಒಂದು ಹೆಸರು, ಒಂದು ನಂಬರ್ ಸಿಗದಿದ್ರೆ, ಅದು ಸಿಗೋವರೆಗೂ ಸಹಿ ಹಾಕ್ಬೇಡಿ. ಬರವಣಿಗೆಯಲ್ಲಿ ಕೊಡಿ ಅಂತ ಕೇಳೋದರಲ್ಲಿ ತಪ್ಪೇನಿಲ್ಲ.

ನೀವು ಫಸ್ಟ್ ಇಯರ್ ಆಗಿದ್ರೆ, ಮೆಂಟರ್ ಮೊದಲ ಸಲ ಮೆಸೇಜ್ ಮಾಡಿದಾಗ ಒಂದು ಉತ್ತರ ಕೊಡಿ. "ನಂಗೇನೂ ತೊಂದ್ರೆ ಇಲ್ಲ" ಅಂತಾದ್ರೂ ಸರಿ. ಮಾತು ಒಂದ್ಸಲ ಶುರು ಆಗಿದ್ರೆ, ನಾಲ್ಕನೇ ವಾರದಲ್ಲೋ ಎಂಟನೇ ವಾರದಲ್ಲೋ ನಿಜವಾಗ್ಲೂ ಏನಾದ್ರೂ ಕೇಳ್ಬೇಕು ಅನ್ಸಿದಾಗ ಹೊಸದಾಗಿ ಪರಿಚಯ ಮಾಡ್ಕೊಳ್ಳೋ ಮುಜುಗರ ಇರಲ್ಲ. ಹೊಂದಿಕೆ ಆಗ್ಲಿಲ್ಲ ಅಂದ್ರೆ ಮೆಂಟರ್ ಬದಲಾಯಿಸಿ ಅಂತ ಕಾರಣ ವಿವರಿಸದೇನೂ ಕೇಳ್ಬೋದು, ಚೆನ್ನಾಗಿ ನಡೆಸೋ ಕಡೆ ಅದಕ್ಕೆ ಅಂತಾನೇ ಒಂದು ಚಿಕ್ಕ ಫಾರ್ಮ್ ಇಟ್ಟಿರ್ತಾರೆ.